ನಾಲ್ಕು ಪುಟದ ತೀರ್ಪು

ಮೇಷ್ಟ್ರುಗಳಿಗೆ ತರಬೇತಿ ಉಂಟು, ಅಂಗನವಾಡಿ ಟೀಚರಿಗೆ ಉಂಟು, ರೇಷ್ಮೆ ಹುಳ ಸಾಕುವವರಿಗೂ ವರ್ಷಕ್ಕೆರಡು ಸಲ ಉಂಟು. ಜಡ್ಜುಗಳಿಗೂ ಇತ್ತು, ಇಲ್ಲವೆಂದಲ್ಲ. ದೂರದ ಊರಿಗೆ ಕರೆಸಿ, ತಣ್ಣನೆಯ ದೊಡ್ಡ ಹಾಲ್‌ನಲ್ಲಿ ಕೂರಿಸಿ, ಕಾನೂನು ಹೇಳಿ ಕಳಿಸುತ್ತಿದ್ದರು. ಅಷ್ಟು ಸಾಲದು ಎಂದು ಮೇಲೆ ಯಾರಿಗೋ ಅನಿಸಿತು. ಆಯಾ ಸೀಮೆಯ ಜಡ್ಜುಗಳು ಆಯಾ ಸೀಮೆಯಲ್ಲೇ ಮೂರು ತಿಂಗಳಿಗೊಮ್ಮೆ ಎರಡು ದಿನ ಕೂತು, ಅಲ್ಲಿನವೇ ಹಳೆಯ ಕೇಸುಗಳನ್ನು ಹರವಿಕೊಂಡು ಕಲಿಯಬೇಕು, ಕಲಿಸಲು ರಿಟೈರಾದ ಅನುಭವಸ್ಥರೊಬ್ಬರು ಇರಬೇಕು ಎಂದು ಆದೇಶವಾಯಿತು. ರಾಯದುರ್ಗದಿಂದ ಮಡಕಶಿರಾದ ತನಕ ತೆಲುಗು ನಾಡಿನೊಳಗೇ ಇರುವ ಕನ್ನಡದ ಗಡಿಗೆ ಆ ಅನುಭವಸ್ಥರು ಯಾರು ಎಂದು ಹುಡುಕಿದಾಗ ಎಲ್ಲರೂ ಸಿದ್ದರಾಮೇಶರ ಹೆಸರನ್ನೇ ಹೇಳಿದರು.

ಸಿದ್ದರಾಮೇಶ್ ಜಿಲ್ಲಾ ಜಡ್ಜಾಗಿ ರಿಟೈರಾಗಿ ಎರಡು ವರ್ಷವಾಗಿತ್ತು. ರಾಯದುರ್ಗದಲ್ಲಿ ಬೆಟ್ಟದ ಕೆಳಗೆ ಸ್ವಂತ ಮನೆ. ಅಪ್ಪ ಆದೋನಿಯಲ್ಲಿ ಮೇಷ್ಟ್ರಾಗಿದ್ದ ದೆಸೆಯಿಂದ ಸರ್ವೀಸ್ ರಿಜಿಸ್ಟರಿನಲ್ಲಿ ಇವರ ಸ್ವಂತ ಜಿಲ್ಲೆ ಕರ್ನೂಲು ಎಂದು ಬಿದ್ದಿತ್ತು. ಸ್ವಂತ ಜಿಲ್ಲೆಗೆ ಜಡ್ಜನ್ನು ಹಾಕುವುದಿಲ್ಲ. ಇವರದು ಬೇರೆ ಜಿಲ್ಲೆ ಎಂದಾದದ್ದರಿಂದ ನೌಕರಿಯ ಶುರುವಿನಲ್ಲೇ ತಮ್ಮ ಮಾತಿನ ಸೀಮೆಗೆ ಮುನ್ಸಿಫ್ ಆಗಿ ಬರುವ ಯೋಗ ಕೂಡಿಬಂತು. ಬಂದವರು ಒಂದು ನೇಮ ಹಿಡಿದರು. ಕನ್ನಡದವರ ಕಡೆ ವಾಲುತ್ತಾರೆ ಎಂದು ಯಾರೂ ಆಡಿಕೊಳ್ಳಬಾರದೆಂದು, ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಕನ್ನಡವೇ ಗೊತ್ತಿಲ್ಲದವರ ಹಾಗೆ ಕೂರುತ್ತಿದ್ದರು. ಕನ್ನಡದ ಸಾಕ್ಷಿ ಬಂದರೆ ಬೆಂಚ್ ಕ್ಲರ್ಕು ತೆಲುಗಿಗೆ ತಿರುಗಿಸಬೇಕು, ಅದನ್ನು ಕೇಳಿ ಇವರು ಇಂಗ್ಲಿಷಿನಲ್ಲಿ ಬರೆಸಬೇಕು. ಮನೆಯಲ್ಲಿ ಬೆಳಿಗ್ಗೆ ಹೆಂಡತಿಯ ಹತ್ತಿರ ಕನ್ನಡದಲ್ಲಿ ಜಗಳವಾಡಿ ಬಂದವರು ಹತ್ತೂವರೆಗೆ ಕನ್ನಡ ಮರೆತುಬಿಡುತ್ತಿದ್ದರು ಎಂದರೆ ಸಣ್ಣ ಸಾಧನೆಯಲ್ಲ. ಅದರ ಬಗ್ಗೆ ಅವರಿಗೆ ಭಾರಿ ಹೆಮ್ಮೆಯಿತ್ತು.

ಕೆಲಸ ಒಪ್ಪಿಕೊಂಡ ಮಾರನೇ ದಿನವೇ ಹಳೇ ಟ್ರಂಕು ತೆಗೆದು ಕೂತರು. ಮೊದಲ ಪಾಠ ಸಾಕ್ಷಿಯ ನಡವಳಿಕೆಯ ಮೇಲೆ ಎಂದು ತೀರ್ಮಾನವಾಗಿತ್ತು. ಸಾಕ್ಷಿ ಏನು ಹೇಳಿದ ಎನ್ನುವುದಲ್ಲದೆ ಹೇಗೆ ನಿಂತ, ಎಲ್ಲಿ ತಡವರಿಸಿದ ಎಂಬುದನ್ನೂ ಜಡ್ಜು ಬರೆದಿಡಬಹುದು ಎಂದು ಕಾನೂನೇ ಹೇಳುತ್ತದೆ. ಅದಕ್ಕೆ ಒಪ್ಪುವಂಥ ಒಂದು ನಾಲ್ಕು ಪುಟದ ತೀರ್ಪು ಟ್ರಂಕಿನಲ್ಲಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಗಡಿ ಸೀಮೆಯ ಒಂದು ಸಣ್ಣ ಕೋರ್ಟಿನಲ್ಲಿ ಬರೆದದ್ದು. ಯಾವ ಕೋರ್ಟು ಎಂದು ಹೇಳಿ ಈಗ ಅಲ್ಲಿ ಕೂತಿರುವವರಿಗೆ ಮುಜುಗರ ಮಾಡುವುದು ಬೇಡ.

ಕೇಸು ಇಷ್ಟೇ. ರೊಳ್ಳದ ಆಚೆಯ ಹಳ್ಳಿಯೊಂದರ ಕೆಂಪಕ್ಕ ಎಂಬ ಮೂವತ್ತರ ಹೆಂಗಸು, ಗಂಡ ತೀರಿಕೊಂಡ ಮೇಲೆ, ಬೋರ್‌ವೆಲ್ ಇರುವ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಗಂಡನ ಪಾಲಿನದು, ತನಗೆ ಸೇರಬೇಕು ಎಂದು ದಾವೆ ಹಾಕಿದ್ದಳು. ಗಂಡನ ಅಣ್ಣ ದೊಡ್ಡಮಲ್ಲಪ್ಪ ಎದುರು ಪಾರ್ಟಿ. ವಿಚಾರಣೆಯ ದಿನ ಅವನ ವಕೀಲ ಇದ್ದಕ್ಕಿದ್ದ ಹಾಗೆ ಒಂದು ಪಾಲುಪಟ್ಟಿ ತೆಗೆದು ಅವಳ ಮುಂದೆ ಹಿಡಿದ. ತೋಟ ಅಣ್ಣನಿಗೆ, ಮಳೆ ನೆಚ್ಚಿದ ಹೊಲ ತಮ್ಮನಿಗೆ ಎಂದು ಅದರಲ್ಲಿತ್ತು, ಕೆಳಗೆ ಇಬ್ಬರ ಸಹಿಯಿತ್ತು. ಈ ಸಹಿ ನಿನ್ನ ಗಂಡನದು ಹೌದೋ ಅಲ್ಲವೋ ಎಂದು ಕೇಳಿದ. ಕೆಂಪಕ್ಕ ಬಾಯಿ ಬಿಡಲಿಲ್ಲ. ಸಿದ್ದರಾಮೇಶ್ ತಾವೇ ಮೂರು ಸಲ ಕೇಳಿಸಿದರು. ಆಗಲೂ ಬಿಡಲಿಲ್ಲ. ದಾವೆ ವಜಾ ಆಯಿತು, ತೋಟ ದೊಡ್ಡಮಲ್ಲಪ್ಪನಿಗೆ ಉಳಿಯಿತು.

ತೀರ್ಪಿನ ಮೂರನೇ ಪುಟದಲ್ಲಿ ಹೀಗಿತ್ತು: “ವಾದಿ ತಲೆ ತಗ್ಗಿಸಿ ನೆಲ ನೋಡುತ್ತ ನಿಂತಿದ್ದಳು. ಬೆವರುತ್ತಿದ್ದಳು. ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದಳು. ಸತ್ಯವನ್ನು ಮುಚ್ಚಿಡುವ, ನಂಬಲು ಯೋಗ್ಯಳಲ್ಲದ ಹೆಂಗಸು ಎಂದು ನ್ಯಾಯಾಲಯ ಮನಗಂಡಿದೆ.” ಸಿದ್ದರಾಮೇಶ್ ಅದನ್ನು ಎರಡು ಸಲ ಓದಿಕೊಂಡರು. ಇಂಗ್ಲಿಷ್ ಈಗಲೂ ಚೆನ್ನಾಗಿಯೇ ಇತ್ತು. ಈಗಿನ ಹುಡುಗರು ಇಷ್ಟು ಬಿಗಿಯಾಗಿ ಬರೆಯಲಾರರು ಎಂದುಕೊಂಡರು.

ತರಬೇತಿ ನಡೆಯಬೇಕಾದದ್ದು ಮಡಕಶಿರಾದಲ್ಲಿ. ಏರ್ಪಾಟು ನೋಡಿಕೊಳ್ಳಲು ಲಕ್ಷ್ಮೀನರಸಪ್ಪ ಇದ್ದ. ಇವರ ಹಳೆಯ ಬೆಂಚ್ ಕ್ಲರ್ಕು. ರಿಟೈರಾಗಿ ಮಡಕಶಿರಾದಲ್ಲೇ ಮನೆ ಕಟ್ಟಿಕೊಂಡಿದ್ದ. ಹಾಲ್ ಗೊತ್ತು ಮಾಡುವುದು, ಅಡುಗೆಯವರಿಗೆ ಹೇಳುವುದು, ಸಾಹೇಬರುಗಳ ಡ್ರೈವರುಗಳಿಗೆ ಎಲೆ ಹಾಕಿಸುವುದು, ಇವೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಒಂದು ಮಧ್ಯಾಹ್ನ ಅವನ ಮನೆಗೆ ಹೋಗಿ ಎಲ್ಲ ಮಾತಾಡಿ ಮುಗಿಸಿದ ಮೇಲೆ ಸಿದ್ದರಾಮೇಶ್ ಚೀಲದಿಂದ ಆ ತೀರ್ಪು ತೆಗೆದು, ಮಗನ ಮಾರ್ಕ್ಸ್ ಕಾರ್ಡು ತೋರಿಸುವವರ ಹಾಗೆ ಅವನ ಮುಂದಿಟ್ಟರು.

ಲಕ್ಷ್ಮೀನರಸಪ್ಪ ಕನ್ನಡಕ ಹಾಕಿಕೊಂಡು ಮೂರನೇ ಪುಟದ ತನಕ ಓದಿದ. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತ.

“ಯಾಕ ಸುಮ್ಮನಾದಿ?” ಎಂದರು ಸಿದ್ದರಾಮೇಶ್.

“ಬ್ಯಾರೆ ಯಾವುದಾದ್ರೂ ತಗಳಿ ಸ್ವಾಮಿ. ಇದು ಬ್ಯಾಡ.”

“ಯಾಕ ಬ್ಯಾಡ? ಮ್ಯಾಲಿನ ಕೋರ್ಟಿಗೆ ಹೋಗಲಿಲ್ಲ, ಬೀಳಲಿಲ್ಲ. ಇದರಾಗೇನು ಕೊರತಿ?”

“ಅವತ್ತು ಕೋರ್ಟ್ ಹಾಲ್‌ನಾಗೆ ಮುಂದಿನ ಬೆಂಚಿನ ಮ್ಯಾಲೆ ಯಾರು ಕೂತಿದ್ರು, ಜ್ಞಾಪಕ ಐತಾ?”

ಸಿದ್ದರಾಮೇಶರಿಗೆ ಜ್ಞಾಪಕವಿರಲಿಲ್ಲ.

“ಆ ಯಮ್ಮನ ಭಾವ. ದೊಡ್ಡಮಲ್ಲಪ್ಪ. ಪಾರ್ಟಿ ಅಲ್ವಾ, ಕೂರಾಕೆ ಹಕ್ಕೈತೆ, ಕೂತಿದ್ದ. ನಮ್ಮ ಕಡೆ ತಮ್ಮನ ಹೆಂಡ್ತಿ ಭಾವನ ಮುಂದೆ ಬಾಯಿ ಬಿಡಲ್ಲ ಸ್ವಾಮಿ. ಅವನು ಒಳಗೆ ಬಂದ್ರೆ ಇವಳು ಬಾಗಿಲ ಹಿಂದೆ ಹೋಗ್ಬೇಕು. ಮದುವೆಯಾಗಿ ಬಂದಾಗಿನಿಂದ ಅವನ ಎದುರಿಗೆ ಒಂದು ಮಾತಾಡಿದೋಳಲ್ಲ. ಅಂಥೋಳ್ನ ನಿಲ್ಲಿಸಿ, ನಮ್ಮ ಭಾವ ಕಳ್ಳ ಸಹಿ ಹಾಕವ್ನೆ ಅಂತ ಅವನ ಮಖಕ್ಕೆ ಅನ್ನು ಅಂದ್ರೆ ಹೆಂಗಂತಾಳೆ?”

ಸಿದ್ದರಾಮೇಶ್ ತೀರ್ಪನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, “ನಿನಗ ಆಗಲೇ ಗೊತ್ತಿತ್ತೇನು?” ಎಂದು ಕೇಳಿದರು.

“ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ವಲ್ಲ ಸ್ವಾಮಿ. ಕೇಳದೆ ಹೇಳಿದ್ರೆ, ಕ್ಲರ್ಕು ಪಾರ್ಟಿ ಕಡೆ ಸೇರ್ಕಂಡವ್ನೆ ಅಂತಿದ್ರಿ. ನಾನೂ ಸಂಸಾರಸ್ಥ.”

ಅದು ನಿಜ. ಹಾಗೆ ಅನ್ನುತ್ತಿದ್ದರು. ಅಷ್ಟಕ್ಕೇ ಬಿಡದೆ ಮೆಮೊ ಕೂಡ ಕೊಡುತ್ತಿದ್ದರು.

ಕಲ್ಯಾಣದುರ್ಗದ ಮೇಲೆ ಸುತ್ತಿಕೊಂಡು ಬಸ್ಸಿನಲ್ಲಿ ರಾಯದುರ್ಗ ಮುಟ್ಟುವ ಹೊತ್ತಿಗೆ ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂದಿತ್ತು. ಹೊರಗಿನವನೊಬ್ಬ, ಕರಾವಳಿಯಿಂದ ಬಂದ ಜಡ್ಜೊಬ್ಬ, ಈ ತಪ್ಪು ಮಾಡಿದ್ದರೆ ಗೊತ್ತಿಲ್ಲದೆ ಮಾಡಿದ ಎನ್ನಬಹುದಿತ್ತು. ಇವರಿಗೆ ಗೊತ್ತಿತ್ತು. ಇವರ ಅಣ್ಣ ಆದೋನಿಯಿಂದ ಬಂದಾಗಲೆಲ್ಲ ಹೆಂಡತಿ ಉಜ್ಜಿನಮ್ಮ ಸೆರಗು ಎಳೆದುಕೊಂಡು ಅಡಿಗೆಮನೆ ಸೇರುವುದನ್ನು ಮೂವತ್ತಾರು ವರ್ಷದಿಂದ ನೋಡುತ್ತಿದ್ದರು.

ರಾತ್ರಿಯ ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿಯೂ ಕೇಳಿದರು: “ನಮ್ಮಣ್ಣನ ಕೂಡ ನೀ ಎಂದರ ಮಾತಾಡೀಯೇನು?”

“ಭಾವಾರ ಕೂಡ? ನಾನ್ಯಾಕ ಮಾತಾಡ್ಲಿ? ಏನರ ಇದ್ರ ನಿಮಗ ಹೇಳ್ತೀನಿ, ನೀವು ಅವರಿಗೆ ಹೇಳ್ತೀರಿ. ಹಂಗ ನಡದೈತಲ್ರಿ,” ಎಂದಳು ಉಜ್ಜಿನಮ್ಮ. “ಇವತ್ತ್ಯಾಕ ಇದು ನೆಪ್ಪಾತು?”

ಸಿದ್ದರಾಮೇಶ್ ಹೇಳಿದರು. ಪೂರ್ತಿ ಹೇಳಿದರು. ಕೇಳುತ್ತ ಕೇಳುತ್ತ ಅವಳು ರೊಟ್ಟಿ ನೀಡುವುದನ್ನು ನಿಲ್ಲಿಸಿದಳು.

“ಮನ್ಯಾಗ ದಿನಾ ಕಂಡಿದ್ದು ಕೋರ್ಟಿನ್ಯಾಗ ಕಾಣಲಿಲ್ಲೇನ್ರಿ ನಿಮಗ?”

“ಕಾಣಲಿಲ್ಲ.”

“ಹೊಲ ತೋಟ ಹಂಗಿರಲಿ. ಆಕೀನ ಸುಳ್ಳಿ ಅಂದ್ರಲ್ರಿ. ಮದ್ಲು ಅದನ್ನ ವಾಪಸ್ ತಗೊಳ್ರಿ.”

“ತೀರ್ಪಿಗೆ ಒಮ್ಮಿ ಸಹಿ ಬಿದ್ರ ಮುಗೀತು. ಬರೆದೋನ ಕೈಲೂ ಅಳಿಸಾಕ ಬರಂಗಿಲ್ಲ. ಕಾನೂನೇ ಹಂಗೈತಿ.”

“ಬಾಯಿಲೆ ಹೇಳಾಕ ಯಾವ ಕಾನೂನು ಬ್ಯಾಡ ಅಂದೈತ್ರಿ?” ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಬೇರೆ ತೀರ್ಪು ತೆಗೆದುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಟ್ರಂಕಿನಲ್ಲಿ ಇನ್ನೂ ನಲವತ್ತಿದ್ದವು. ಒಂದು ದಿನ ಪೂರ್ತಿ ಅವರು ಹಾಗೆ ಮಾಡುವ ಯೋಚನೆಯಲ್ಲೇ ಇದ್ದರು ಎಂಬುದನ್ನೂ ಹೇಳಿಬಿಡಬೇಕು. ಇಷ್ಟು ವರ್ಷ ಗಳಿಸಿದ ಹೆಸರು. ಬಾರಿನ ವಕೀಲರು ಇವತ್ತಿಗೂ ಎದ್ದು ನಮಸ್ಕಾರ ಮಾಡುತ್ತಾರೆ. ತಾನಾಗಿ ಹೋಗಿ ಹದಿನಾಲ್ಕು ಎಳೆಯ ಜಡ್ಜುಗಳ ಮುಂದೆ ನಾನು ದಡ್ಡ ಎನ್ನುವುದು ಸುಲಭದ ಮಾತಲ್ಲ. ಎರಡನೇ ದಿನ ಎದ್ದು ಮಡಕಶಿರಾದ ಬಸ್ಸು ಹತ್ತಿದರು.

ಲಕ್ಷ್ಮೀನರಸಪ್ಪ ಕರೆದುಕೊಂಡು ಹೋದಾಗ ಕೆಂಪಕ್ಕ ಮನೆಯ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂಲಿಯ ಕೆಲಸ, ಪಕ್ಕದಲ್ಲಿ ಮೂಟೆಗಳಿದ್ದವು. ಐವತ್ತು ದಾಟಿದ, ಗಟ್ಟಿ ಮೈಯ ಹೆಂಗಸು. ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದೇ ತಲೆಯೆತ್ತಿ ನೋಡಿದಳು. ಯಾರು ಎಂದು ಹೇಳುವ ಮೊದಲೇ ಗುರುತು ಹಿಡಿದಳು.

“ನೀವು ಆ ಜಡ್ಜಿ ಸಾಹೇಬ್ರಲ್ವಾ? ಕೂದ್ಲು ಹೋಗೈತೆ,” ಎಂದಳು.

ಸಿದ್ದರಾಮೇಶ್ ಅವಳು ಹಾಕಿದ ಚಾಪೆಯ ಮೇಲೆ ಕೂತರು. ತರಬೇತಿಯ ವಿಷಯ ಹೇಳಿದರು. ಜಡ್ಜುಗಳಿಗೂ ಪಾಠ ಹೇಳುತ್ತಾರೆ ಎಂಬುದನ್ನು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಪಾಸು ಫೇಲು ಐತಾ?” ಎಂದು ಕೇಳಿದಳು.

“ಇಲ್ಲಮ್ಮ.”

“ಇರಬೇಕಿತ್ತು.”

ಲಕ್ಷ್ಮೀನರಸಪ್ಪ ಕೆಮ್ಮಿದ. ಸಿದ್ದರಾಮೇಶ್, ಅವತ್ತು ಭಾವ ಎದುರಿಗೆ ಇದ್ದದ್ದಕ್ಕೆ ಮಾತಾಡಲಿಲ್ಲವೇ ಎಂದು ನೇರವಾಗಿ ಕೇಳಿದರು. ಅವಳು ಸುತ್ತಿಗೆ ಕೆಳಗಿಟ್ಟಳು.

“ಈಗ ಕೇಳ್ತಿದೀರಾ? ತೋಟ ಹೋಗಿದ್ದು ಹೊಟ್ಟೆ ಉರೀತದೆ, ಇಲ್ಲ ಅನ್ನಲ್ಲ. ಅದಕ್ಕಿಂತ ಹೆಚ್ಚಿಗೆ ಉರಿಯೋದು ಬ್ಯಾರೆ. ನೀವು ಬರೆದದ್ನ ಅವರ ವಕೀಲ್ರು ಊರಾಗೆ ಓದಿ ಹೇಳಿದ್ರು. ಅವತ್ತಿಂದ ನಾನು ಸುಳ್ಳಿ. ನಮ್ಮ ಸಂಘದಾಗೆ ನನ್ನ ಲೀಡ್ರು ಮಾಡಾನ ಅಂತ ನಾಕು ಜನ ಅಂದ್ರೆ, ಜಡ್ಜೀನೇ ನಂಬಲಿಲ್ಲ ನಾವು ನಂಬಾನಾ ಅಂತ ಒಬ್ಳು ಎದ್ದು ನಿಲ್ತಾಳೆ. ಮಗಳ ಸಂಬಂಧಕ್ಕೆ ಬಂದೋರು ಕೂಡ ಕೇಳ್ಕಂಡು ಹೋದ್ರು. ಸಾಲ ಸೋಲ ತೀರಿಸಬೌದು ಸ್ವಾಮಿ, ಇದನ್ನ ಹೆಂಗೆ ತೀರಿಸೋದು?”

ಸಿದ್ದರಾಮೇಶರಿಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಅವರ ಹತ್ತಿರ ಕುರ್ಚಿಯೂ ಇರಲಿಲ್ಲ, ಕಪ್ಪು ಕೋಟೂ ಇರಲಿಲ್ಲ. ತರಬೇತಿಗೆ ಬಂದು ಅವತ್ತು ಹೇಳದಿದ್ದನ್ನು ಹೇಳುತ್ತೀಯಾ, ಅಲ್ಲೇ ನಾನು ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು.

“ಭಾವ ಬರ್ತಾರಾ?”

“ಇಲ್ಲ.”

“ಅಂಗಾದ್ರೆ ಬರ್ತೀನಿ,” ಎಂದು ಅವಳು ಮತ್ತೆ ಸುತ್ತಿಗೆ ಎತ್ತಿಕೊಂಡಳು.

ಎರಡನೇ ಶನಿವಾರ, ಭಾನುವಾರ ತರಬೇತಿ ನಡೆಯಿತು. ಹದಿನಾಲ್ಕು ಜಡ್ಜುಗಳು, ಹೆಚ್ಚಿನವರು ಮೂವತ್ತರ ಆಸುಪಾಸಿನವರು. ಕನ್ನಡ ಬರುವವರು ಇಬ್ಬರೇ. ಮೊದಲ ದಿನ ಭಾಷಣಗಳಲ್ಲಿ ಹೋಯಿತು. ಉದ್ಘಾಟನೆ ಮಾಡಿದವರು ಕಲಿಕೆಗೆ ಕೊನೆಯಿಲ್ಲ ಎಂದು ಮುಕ್ಕಾಲು ಗಂಟೆ ಹೇಳಿ, ಕೇಳಲು ನಿಲ್ಲದೆ ಕಾರು ಹತ್ತಿದರು. ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ಬಂದಾಗ ಮಾತ್ರ ಎಲ್ಲರ ಮುಖದಲ್ಲೂ ಕಳೆ ಬಂತು. ತರಬೇತಿ ಎಂದರೆ ಎಲ್ಲ ಇಲಾಖೆಯಲ್ಲೂ ಒಂದೇ.

ಭಾನುವಾರ ಬೆಳಿಗ್ಗೆ ಸಿದ್ದರಾಮೇಶರ ಪಾಠ. ಹೆಸರು, ಊರು, ತೀರ್ಪು ಬರೆದವರು ಯಾರು ಎಂಬುದನ್ನೆಲ್ಲ ತೆಗೆದು ಸಾಕ್ಷಿಯ ಹೇಳಿಕೆಯನ್ನು ಮಾತ್ರ ಹಂಚಿದರು. ಪ್ರಶ್ನೆ, ಮೌನ, ಪ್ರಶ್ನೆ, ಮೌನ, ಪ್ರಶ್ನೆ, ಮೌನ. ನೀವು ಆ ಕುರ್ಚಿಯಲ್ಲಿದ್ದರೆ ಏನು ಬರೆಯುತ್ತಿದ್ದಿರಿ, ಒಂದೇ ಸಾಲಿನಲ್ಲಿ ಬರೆಯಿರಿ ಎಂದರು. ಚೀಟಿಗಳು ಬಂದವು. ಹದಿಮೂರು ಚೀಟಿಯಲ್ಲಿ ಇದ್ದದ್ದು ಅವರದೇ ಸಾಲು. ನಂಬಲು ಅರ್ಹಳಲ್ಲ, ಸತ್ಯ ಮರೆಮಾಚುತ್ತಿದ್ದಾಳೆ, ಮೌನವೇ ಒಪ್ಪಿಗೆ. ಒಬ್ಬನ ಇಂಗ್ಲಿಷಂತೂ ಅವರದಕ್ಕಿಂತ ಬಿಗಿಯಾಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಹದಿಮೂರು ಜನ ಇವರ ಕಡೆಗಿದ್ದರು. ಆದರೆ ಹದಿನಾಲ್ಕನೆಯ ಚೀಟಿ ಕೈಯಲ್ಲಿತ್ತು. ಸೌಮ್ಯ ಎಂಬ ಜಡ್ಜು, ಕೆಲಸಕ್ಕೆ ಸೇರಿ ವರ್ಷವಾಗಿರದವಳು, ಬರೆದಿದ್ದಳು: “ಆ ಹೊತ್ತು ಹಾಲ್‌ನಲ್ಲಿ ಯಾರಿದ್ದರು ಎಂದು ದಾಖಲೆಯಲ್ಲಿಲ್ಲ. ಅದು ಗೊತ್ತಾಗದೆ ಬರೆಯಲಾರೆ.”

ಸಿದ್ದರಾಮೇಶ್ ಅದನ್ನು ಗಟ್ಟಿಯಾಗಿ ಓದಿದರು. ಹಿಂದಿನ ಸಾಲಿನಲ್ಲಿ ಬೆಳಿಗ್ಗೆಯಿಂದ ಕೂತಿದ್ದ ಕೆಂಪಕ್ಕನನ್ನು ಮುಂದೆ ಕರೆದು ಕುರ್ಚಿ ಕೊಟ್ಟರು. ಲಕ್ಷ್ಮೀನರಸಪ್ಪ ತನ್ನ ಹಳೆಯ ಕೆಲಸಕ್ಕೆ, ಅಂದರೆ ಅವಳ ಕನ್ನಡವನ್ನು ತೆಲುಗಿಗೆ ತಿರುಗಿಸಲು, ಪಕ್ಕದಲ್ಲಿ ನಿಂತ. ಇಪ್ಪತ್ತೆರಡು ವರ್ಷದ ಹಿಂದಿನ ಪ್ರಶ್ನೆಯನ್ನೇ ಸಿದ್ದರಾಮೇಶ್ ಈ ಸಲ ಕನ್ನಡದಲ್ಲಿ ಕೇಳಿದರು. “ಆ ಸಹಿ ನಿನ್ನ ಗಂಡಂದಾ ಅಮ್ಮ?”

“ಅಲ್ಲ ಸ್ವಾಮಿ. ಭಾವಂದು. ನಮ್ಮ ಎಜಮಾನ್ರು ತೀರ್ಕಂಡು ಹನ್ನೊಂದನೇ ದಿನ, ಕಾರ್ಯ ಮುಗಿದು ನೆಂಟ್ರೆಲ್ಲ ಹೋದ ಮ್ಯಾಲೆ, ನಮ್ಮ ಜಗಲಿ ಮ್ಯಾಲೆ ಕೂತ್ಕಂಡು ಹಾಕಿದ್ರು. ನಾನು ಬಾಗಿಲ ಸಂದಿನಾಗೆ ನಿಂತಿದ್ದೆ. ಎರಡು ಸಲ ಬ್ಯಾರೆ ಕಾಗದದ ಮ್ಯಾಲೆ ಬರೆದು ನೋಡಿ, ಮೂರನೇದು ಇದರ ಮ್ಯಾಲೆ ಹಾಕಿದ್ರು. ಏನು ಕಾಗದ ಅಂತ ಅವತ್ತು ಗೊತ್ತಾಗಲಿಲ್ಲ. ಕೋರ್ಟಿನಾಗೆ ಮುಂದಕ್ಕೆ ಹಿಡಿದಾಗ ಗೊತ್ತಾಯ್ತು. ತಲೆ ಎತ್ತಿದ್ರೆ ಭಾವ ಎದುರಿಗೇ ಕೂತವ್ರೆ. ನಾಲಿಗೆ ಏಳಲಿಲ್ಲ. ಹೊರಗೆ ಬಂದು ನಮ್ಮ ವಕೀಲ್ರಿಗೆ ಹೇಳಿದೆ. ಈಗ ಹೇಳಿದ್ರೆ ಯಾರೋ ಹೇಳಿಕೊಟ್ಟ ಮಾತು ಅಂತಾರಮ್ಮ ಅಂದ್ರು.”

ಲಕ್ಷ್ಮೀನರಸಪ್ಪ ಅದನ್ನು ತೆಲುಗಿನಲ್ಲಿ ಹೇಳಿ ಮುಗಿಸಿದ. ಆ ತೀರ್ಪು ಬರೆದವರು ಯಾರು ಸರ್ ಎಂದು ಸೌಮ್ಯ ಕೇಳಿದಳು.

“ನಾನು,” ಎಂದರು ಸಿದ್ದರಾಮೇಶ್. ಕೆಂಪಕ್ಕನ ಕಡೆ ತಿರುಗಿ, ಆ ಮಾತು ಬರೆದದ್ದು ತಪ್ಪಾಯಿತು, ಇಷ್ಟು ಜನ ಜಡ್ಜುಗಳ ಮುಂದೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲವರು ಬರೆದುಕೊಂಡರು. ಸಿದ್ದರಾಮೇಶರಿಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಇಷ್ಟೇ ತಾನೆ, ಸುಮ್ಮನೆ ಹೆದರಿದ್ದೆ ಎಂದೂ ಅನಿಸಿತು.

ಕೆಂಪಕ್ಕ ಚಪ್ಪಾಳೆ ನಿಲ್ಲುವ ತನಕ ಕಾದಳು.

“ಇವರ್ಯಾರೂ ನನ್ನ ಸುಳ್ಳಿ ಅಂದಿಲ್ಲವಲ್ಲ ಸ್ವಾಮಿ. ಅಂದೋರು ಊರಾಗವ್ರೆ. ಅಲ್ಲಿಗೆ ಬಂದು ಹೇಳಿ,” ಎಂದಳು.

ಅದನ್ನು ತೆಲುಗಿಗೆ ತಿರುಗಿಸುವ ಅಗತ್ಯ ಬೀಳಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು.

ನಾಲ್ಕು ಗಂಟೆಗೆ ಸಮಾರೋಪ, ಶಾಲು, ಫೋಟೊ ಎಲ್ಲ ಇತ್ತು. ರಾಯದುರ್ಗಕ್ಕೆ ಬಿಡಲು ಕಾರೂ ಬಂದು ನಿಂತಿತ್ತು. ಸಿದ್ದರಾಮೇಶ್ ಅವೆಲ್ಲವನ್ನೂ ಬಿಟ್ಟು ಲಕ್ಷ್ಮೀನರಸಪ್ಪ ಹೇಳಿದ್ದ ಆಟೋ ಹತ್ತಿದರು. ನಾನೂ ಬರುತ್ತೇನೆ ಎಂದು ಸೌಮ್ಯ ಬಂದಳು. ಕುರ್ಚಿಯ ಮೇಲಿರುವವರು ಪಾರ್ಟಿಯವರ ಊರಿಗೆ ಕಾಲಿಡಬಾರದು, ನೀನು ಇಲ್ಲೇ ಇರಮ್ಮ ಎಂದು ಅವಳನ್ನು ತಡೆದರು. ಕೆಂಪಕ್ಕ, ಲಕ್ಷ್ಮೀನರಸಪ್ಪ ಆಟೋದಲ್ಲಿ ಜೊತೆಗೆ ಕೂತರು. ಹೋಗಿ ಏನಾಗಬಹುದು ಎಂದು ಸಿದ್ದರಾಮೇಶರಿಗೆ ಅಂದಾಜಿರಲಿಲ್ಲ. ಅಂಥ ಜಾಗಕ್ಕೆ ಅವರು ಹೋಗಿ ಬಹಳ ವರ್ಷವಾಗಿತ್ತು. ಎಲ್ಲರೂ ಇವರಿದ್ದಲ್ಲಿಗೇ ಬರುತ್ತಿದ್ದರು.

ಊರು ಮುಟ್ಟಿದಾಗ ಹಾಲಿನ ಡೈರಿಯ ಹೊತ್ತು. ಇಡೀ ಊರು ಕ್ಯಾನು ಹಿಡಿದು ಅಲ್ಲಿಯೇ ಸೇರಿತ್ತು. ಡೈರಿಯ ಆಂಜನೇಯ ಹಾಲಿನ ಜಿಡ್ಡು ಅಳೆದು ಚೀಟಿ ಕೊಡುತ್ತಿದ್ದ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಎಪ್ಪತ್ತೈದರ ಒಬ್ಬ ಮುದುಕ ಕೂತಿದ್ದ, ಹೆಗಲ ಮೇಲೆ ಟವೆಲು. ದೊಡ್ಡಮಲ್ಲಪ್ಪ. ಅವನ ಇಬ್ಬರು ಸೊಸೆಯರು ಸಾಲಿನಲ್ಲಿ ನಿಂತಿದ್ದರು. ಅವನನ್ನು ಕಂಡದ್ದೇ ಕೆಂಪಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು ಡೈರಿಯ ಗೋಡೆಯ ಮರೆಗೆ ಸರಿದಳು. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಆ ಗಟ್ಟಿ ಹೆಂಗಸು ಅಲ್ಲಿರಲಿಲ್ಲ. ಸಿದ್ದರಾಮೇಶ್ ಅದನ್ನು ನೋಡಿದರು, ಈ ಸಲ ಸರಿಯಾಗಿ ನೋಡಿದರು.

ಕ್ಯಾನುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಡೈರಿಯ ಬಾಗಿಲ ಮುಂದೆ ನಿಂತರು.

“ನಾನು ಸಿದ್ದರಾಮೇಶ್. ಇಪ್ಪತ್ತೆರಡು ವರ್ಷದ ಹಿಂದ ಈ ಊರಿನ ಕೆಂಪಕ್ಕನ ಕೇಸಿಗೆ ತೀರ್ಪು ಬರೆದ ಜಡ್ಜು ನಾನ. ಆಕೀ ನಂಬಾಕ ಯೋಗ್ಯಳಲ್ಲ ಅಂತ ಬರದಿದ್ದೆ. ಅದು ತಪ್ಪು. ಆಕೀ ಒಂದು ಸುಳ್ಳೂ ಹೇಳಿಲ್ರಿ. ಕೇಳೋ ರೀತಿ ನನಗ ಗೊತ್ತಾಗಲಿಲ್ಲ. ಅದನ್ನ ನಿಮ್ಮೆಲ್ಲರ ಮುಂದ ಹೇಳಿ ಹೋಗೋಣಂತ ಬಂದೀನಿ.”

ಆಂಜನೇಯನ ಕೈ ಯಂತ್ರದ ಮೇಲೆ ನಿಂತಿತು. ಸಾಲಿನಲ್ಲಿದ್ದ ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಹಿಂದಿನಿಂದ ಯಾರೋ, “ಅಂಗಾದ್ರೆ ತೋಟ ಯಾರ್ದಾಯ್ತದೆ ಸ್ವಾಮಿ?” ಎಂದು ಕೇಳಿದರು.

“ತೀರ್ಪು ತೀರ್ಪ. ಅಪೀಲಿನ ಗಡುವು ಮುಗದು ಎಷ್ಟೋ ವರ್ಷ ಆತು. ಅದನ್ನ ಬದಲಿ ಮಾಡೋದು ನನ್ನ ಕೈಯಾಗಿಲ್ಲ.”

ದೊಡ್ಡಮಲ್ಲಪ್ಪ ಉಸಿರು ಬಿಟ್ಟ. ಆಮೇಲೆ ನಕ್ಕ. “ಇಷ್ಟಕ್ಕೆ ಅಷ್ಟು ದೂರದಿಂದ ಬಂದ್ರಾ? ಕೂತ್ಕಳಿ ಸ್ವಾಮಿ, ಹಾಲು ಕುಡೀರಿ,” ಎಂದ.

ಆ ನಗು ಕಂಡು ಸಿದ್ದರಾಮೇಶರಿಗೆ ಮೈ ಉರಿಯಿತು. ಇಪ್ಪತ್ತೆರಡು ವರ್ಷ ತೋಟ ಉಂಡವನು ಇವರಿಗೆ ಹಾಲು ಕುಡಿಯಲು ಹೇಳುತ್ತಿದ್ದ. ಹಳೆಯ ಗತ್ತು ತಾನಾಗಿ ಎದ್ದು ಬಂತು. “ಯಜಮಾನ್ರ, ಆ ಪಾಲುಪಟ್ಟಿ ಮ್ಯಾಲಿನ ಸಹಿ ಯಾರದು?” ಎಂದು ಕೇಳಿದರು.

ನಗು ನಿಂತಿತು. ಮುದುಕ ಸೊಸೆಯರ ಕಡೆ ನೋಡಿದ, ಊರಿನವರ ಕಡೆ ನೋಡಿದ, ಆಮೇಲೆ ನೆಲ ನೋಡಿದ.

“ನಿಮ್ಮ ತಮ್ಮಂದೋ, ನಿಮ್ಮದೋ?”

ಅವನ ಹಣೆಯ ಮೇಲೆ ಬೆವರು ಬಂತು. ಟವೆಲಿನ ತುದಿಯನ್ನು ಎಳೆದೆಳೆದು ಹಿಡಿದುಕೊಂಡ. ಇಡೀ ಊರು ಅವನ ಬಾಯನ್ನೇ ನೋಡುತ್ತಿತ್ತು. ಸಿದ್ದರಾಮೇಶ್ ಮೂರನೇ ಸಲ ಕೇಳಲು ಬಾಯಿ ತೆರೆದರು.

“ಬಿಡಿ ಸ್ವಾಮಿ, ಕೇಳ್ಬ್ಯಾಡಿ.”

ಗೋಡೆಯ ಮರೆಯಿಂದ ಕೆಂಪಕ್ಕ ಈಚೆ ಬಂದಿದ್ದಳು. ಸೆರಗು ತಲೆಯ ಮೇಲೆಯೇ ಇತ್ತು, ಮುಖ ಜಡ್ಜಿನ ಕಡೆಗಿತ್ತು. ಭಾವನ ಎದುರಿಗೆ ಅವಳ ದನಿ ಕೇಳಿದ್ದು ಆ ಊರಿಗೆ ಅದೇ ಮೊದಲು.

“ಇಷ್ಟು ಜನದ ಮುಂದೆ ನಿಲ್ಲಿಸಿ ಕೇಳಿದ್ರೆ ನಾಲಿಗೆ ಏಳಲ್ಲ. ಅದೇನು ಅಂತ ನನಗೆ ಗೊತ್ತು. ಸಾಕು, ಬಿಡಿ.”

ಸಿದ್ದರಾಮೇಶ್ ಬಾಯಿ ಮುಚ್ಚಿದರು. ಎರಡು ದಿನ ಬೇರೆಯವರಿಗೆ ಪಾಠ ಹೇಳಿ ಬಂದವರು ಮತ್ತೆ ಅದೇ ತಪ್ಪನ್ನು, ಅದೇ ದನಿಯಲ್ಲಿ ಮಾಡುತ್ತಿದ್ದರು. ಕೆಂಪಕ್ಕನ ಮುಖ ನೋಡಲು ಅವರಿಂದ ಆಗಲಿಲ್ಲ.

ದೊಡ್ಡಮಲ್ಲಪ್ಪ ಕಲ್ಲಿನ ಮೇಲಿಂದ ಎದ್ದ. ಟವೆಲಿನಿಂದ ಒಮ್ಮೆ ಮುಖ ಒರೆಸಿಕೊಂಡ. ಆಮೇಲೆ ಕೆಂಪಕ್ಕನ ಕಡೆ ನೋಡದೆ, ಡೈರಿಯ ಬಾಗಿಲ ಕಡೆ ತಿರುಗಿ ಹೇಳಿದ:

“ಆಂಜನೇಯ, ಆ ತೋಟ ನನ್ನ ತಮ್ಮಂದು. ನಾಳೆಯಿಂದ ಸೊಪ್ಪು ಆ ಯಮ್ಮನೇ ಕುಯ್ಕಳ್ಳಲಿ. ಅಂಗಂತ ಹೇಳಪ್ಪ.”

ಕೆಂಪಕ್ಕ ನಿಂತಿದ್ದದ್ದು ನಾಲ್ಕು ಮಾರು ದೂರದಲ್ಲಿ. ಆದರೂ ಆಂಜನೇಯ ಅವಳ ಕಡೆ ತಿರುಗಿ, ಅವಳು ಕೇಳಿಸಿಕೊಂಡೇ ಇಲ್ಲವೆಂಬಂತೆ, ಆ ಮಾತನ್ನು ಮೊದಲಿನಿಂದ ಕೊನೆಯ ತನಕ ಹೇಳಿದ.

“ಆಯ್ತು ಅಂತ ಹೇಳಪ್ಪ ಅವರಿಗೆ,” ಎಂದಳು ಕೆಂಪಕ್ಕ. ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆಯಿತು.

ಆಂಜನೇಯ ಈ ಕಡೆ ತಿರುಗಿ ದೊಡ್ಡಮಲ್ಲಪ್ಪನಿಗೆ, “ಆಯ್ತಂತೆ,” ಎಂದ.